ಎಂಟು ಮೈಲಿಯ ಪ್ರದಕ್ಷಿಣೆ

ಕನ್ನಡದ ‘ಬಳಸು’ ಎಂಬ ಧಾತುವಿಗೆ ಎರಡು ಅರ್ಥಗಳುಂಟು. ಸುತ್ತಿಕೊಂಡು ಹೋಗುವುದು ಒಂದು. ಉಪಯೋಗಿಸುವುದು, ರೂಢಿಮಾಡಿಕೊಳ್ಳುವುದು ಮತ್ತೊಂದು. ‘ಬಳಸುದಾರಿ’ ಎಂಬಲ್ಲಿ ಮೊದಲನೆಯದು, ‘ಬಳಕೆ’ ಎಂಬಲ್ಲಿ ಎರಡನೆಯದು. ಈ ಎರಡು ಅರ್ಥಗಳಿಗೂ ಏನು ಸಂಬಂಧವೆಂದು ತರಗತಿಯಲ್ಲಿ ವಿದ್ಯಾರ್ಥಿಗಳು ಕೇಳುವುದುಂಟು. ಯಾವುದನ್ನು ನಾವು ಸುತ್ತಿಬರುತ್ತೇವೆಯೊ ಅದು ನಮಗೆ ಬಳಕೆಯದಾಗುತ್ತದೆ ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋಗುವುದು ಅಧ್ಯಾಪಕನಿಗೆ ಸುಲಭವಾದ ಉತ್ತರ. ನಮ್ಮ ಹಿರಿಯರು ಗುಡಿಯನ್ನು ಹೊಕ್ಕೊಡನೆ ಗರ್ಭಗೃಹದ ಬಾಗಿಲಿಗೆ ನುಗ್ಗದೆ ಮೊದಲು ಬಲವಂದುದರಲ್ಲಿಯೂ ಇಂಥದೊಂದು ವಿವೇಕವಿರಬಹುದು. ಆದರೆ ಸುತ್ತುವುದರಲ್ಲಿ ಒಂದು ಮೋಸವೂ ಉಂಟು. ಹೋದ ದಾರಿಯಲ್ಲಿಯೇ ಹಿಂದಿರುಗುವವನಿಗೆ ತಾನು ಎಲ್ಲಿಯವರೆಗೆ ದೂರವಾದೆನು, ಎಲ್ಲಿಂದ ಹತ್ತಿರವಾಗುತ್ತಿದ್ದೇನೆ ಎಂಬುದು ಸ್ಪಷ್ಟವಾಗಿರುತ್ತದೆ. ಸುತ್ತುಹಾದಿಯಲ್ಲಿ ನಡೆಯುವವನಿಗೆ ಹಾಗಲ್ಲ. ಇಟ್ಟ ಒಂದೊಂದು ಹೆಜ್ಜೆಯೂ ಬಿಟ್ಟುಬಂದ ಠಾವಿನ ಕಡೆಗೇ ಇಟ್ಟಂತೆ ತೋರುತ್ತದೆ. ನೀರು ನೆರಳುಗಳಿರುವ ನಾಡಿನಲ್ಲಿ ಈ ತೋರಿಕೆಯಿಂದ ಹಾನಿಯೇನೂ ಇಲ್ಲ. ಅವೆರಡೂ ಇಲ್ಲದ ಕಡೆ ಅದರಿಂದ ಪ್ರಾಣವೇ ಹೋಗಬಹುದು.

ಅಂಥ ಒಂದು ಸುತ್ತುಹಾದಿಯ ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಶ್ಚಿಮದ ಕಡೆಗಿರುವ ಯೂಟಾ ಸಂಸ್ಥಾನದಲ್ಲಿ ಮೋಆಬ್ ಎಂಬ ಸಣ್ಣ ಪಟ್ಟಣವಿದೆ. ಅದರ ನೈರುತ್ಯಕ್ಕೆ ಗ್ರೀನ್ ಮತ್ತು ಕೊಲೊರಾಡೊ ಎಂಬ ಎರಡು ನದಿಗಳು ಆಳವಾದ ಕಂದರಗಳನ್ನು ಕೊರೆದುಕೊಂಡು ಬಂದು ಕೂಡುತ್ತವೆ. ಆ ಸಂಗಮದ ಸುತ್ತಣ ಪ್ರದೇಶವನ್ನು ‘ಕ್ಯಾನಿಯನ್‌ಲ್ಯಾಂಡ್ಸ್’, ಎಂದರೆ ಕಂದರಗಳ ನಾಡು, ಎಂಬ ಹೆಸರಿನ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡುವ ಶಾಸನಕ್ಕೆ ಅಧ್ಯಕ್ಷ ಲಿಂಡನ್ ಜಾನ್ಸನ್ನರು 1964ರ ಸೆಪ್ಟೆಂಬರ್ 12ರಂದು ಸಹಿ ಹಾಕಿದರು. 1971ರಲ್ಲಿ ವಿಸ್ತಾರಗೊಂಡ ಈ ಉದ್ಯಾನವು ಈಗ ಸುಮಾರು 1,366 ಚದರ ಕಿಲೊಮೀಟರುಗಳಷ್ಟಿದೆ. ಉದ್ಯಾನವೆಂದೊಡನೆ ಲಾಲ್‌ಬಾಗನ್ನು ನೆನೆಯಬಾರದು. ಇಲ್ಲಿ ಹೂವಿನ ಪಾತಿಗಳಿಲ್ಲ, ಕಾರಂಜಿಗಳಿಲ್ಲ. ವರ್ಷವೊಂದಕ್ಕೆ ಬೀಳುವ ಮಳೆ ಸುಮಾರು 23 ಸೆಂಟಿಮೀಟರು. ನಮ್ಮಲ್ಲಿ ಬರಸೀಮೆಯೆಂದು ಹೆಸರಾದ ಚಳ್ಳಕೆರೆಯ ಮಳೆಯ ಸುಮಾರು ಅರ್ಧ.

ಎರಡು ನದಿಗಳ ನಡುವೆ ಅವು ಕೊರೆಯದೆ ಉಳಿಸಿದ ಎತ್ತರದ ಪೀಠಭೂಮಿಯೊಂದಿದೆ. ಸಮುದ್ರಮಟ್ಟಕ್ಕೆ 6,000 ಅಡಿಗಳಷ್ಟು ಎತ್ತರದಲ್ಲಿ ಚಪ್ಪಟೆಯಾಗಿ ಹರಡಿಕೊಂಡು, ಸುತ್ತಲೂ ಸಾವಿರ ಅಡಿಗೆ ಮಿಕ್ಕ ಕಡಿದಾದ ಗೋಡೆಗಳಿಂದ ಕೂಡಿ, ಒಂದು ಕಿರಿದಾದ ಕತ್ತಿನಿಂದ ಮಾತ್ರ ಉಳಿದ ನೆಲಕ್ಕೆ ಅಂಟಿಕೊಂಡಿರುವ ಈ ಭಾಗಕ್ಕೆ ‘ಐಲೆಂಡ್ ಇನ್ ದ ಸ್ಕೈ’ ಎಂದು ಹೆಸರು. ಆಕಾಶದ್ವೀಪವೆಂದು ನಾವು ಕರೆಯಬಹುದು. ಅದರ ವಾಯವ್ಯದ ಅಂಚಿನಲ್ಲಿ ‘ಅಪ್‌ಹೀವಲ್ ಡೋಮ್’ ಎಂಬುದೊಂದು ವಿಚಿತ್ರ ರಚನೆಯಿದೆ. ಆ ಪ್ರಾಂತದ ಕಲ್ಲಿನ ಪದರಗಳೆಲ್ಲ ಮೈಲಿಗಟ್ಟಲೆ ಒಂದರ ಮೇಲೊಂದು ಜಮಖಾನ ಹಾಸಿದಂತೆ ಸಮತಲವಾಗಿ ಮಲಗಿದ್ದರೆ, ಇಲ್ಲಿ ಮಾತ್ರ ಅವು ನಡುವಿನಲ್ಲಿ ಎದ್ದು ನಿಂತಿವೆ, ಸುತ್ತ ಕುಸಿದು ಉಂಗುರದಂತೆ ಬಾಗಿವೆ. ಹೀಗೆ ತೊಟ್ಟಿಲಿನ ಬಟ್ಟೆಯಂತೆ ಕೆಳಕ್ಕೆ ಜೋಲಿದ ಪದರಗಳಿಗೆ ಭೂವಿಜ್ಞಾನಿಗಳು ‘ಸಿಂಕ್ಲೈನ್’ ಎನ್ನುತ್ತಾರೆ. ಆ ಉಂಗುರದ ಜಾಡಿನಲ್ಲಿ ಡೋಮನ್ನು ಬಳಸಿಬರುವ ಕಾಲುದಾರಿಗೆ ‘ಸಿಂಕ್ಲೈನ್ ಸುತ್ತು’ ಎಂಬ ಹೆಸರು ಬಂದುದು ಇದರಿಂದ.

ಸುತ್ತಿನ ಉದ್ದ ಎಂಟು ಮೈಲಿಗೆ ಸ್ವಲ್ಪ ಹೆಚ್ಚು, ಸುಮಾರು 13 ಕಿಲೊಮೀಟರು. ಇಳಿದು ಹತ್ತಬೇಕಾದುದು ಸುಮಾರು 1,300 ಅಡಿ. ಶ್ರವಣಬೆಳಗೊಳದ ಇಂದ್ರಗಿರಿಯ ಮೂರರಷ್ಟಕ್ಕೆ ತುಸು ಕಡಿಮೆ. ಕಾಗದದ ಮೇಲೆ ಇದರಲ್ಲಿ ಬೆದರಿಸುವಂಥದೇನೂ ಇಲ್ಲ. ಆದರೂ ಈ ಉದ್ಯಾನದಲ್ಲಿ ನಡೆಯುವ ರಕ್ಷಣಾಕಾರ್ಯಗಳಲ್ಲಿ ಹೆಚ್ಚಿನವು ಇದೊಂದು ಹಾದಿಯಲ್ಲಿಯೇ ಆಗುತ್ತವೆ ಎಂದು ಉದ್ಯಾನದ ಆಡಳಿತವೇ ಪ್ರಕಟಿಸಿ ಎಚ್ಚರಿಸುತ್ತದೆ. ಎಂಟು ಮೈಲಿ ನಡೆಯಲಾರದವರು ಈ ಹಾದಿಗೆ ಬರುವುದಿಲ್ಲ. ಬಂದವರು ಏಕೆ ಸಿಕ್ಕಿಬೀಳುತ್ತಾರೆ? ಮೈಲಿಯೆಂಬುದು ಇಲ್ಲಿ ಅಳತೆಯೇ ಅಲ್ಲವೆಂಬುದೇ ಇದಕ್ಕೆ ಉತ್ತರ.

ಮೊದಲನೆಯದಾಗಿ ನೀರು. ಇಲ್ಲಿ ಒಬ್ಬನಿಗೆ ದಿನಕ್ಕೆ ಒಂದು ಗ್ಯಾಲನ್, ಎಂದರೆ ಸುಮಾರು 4 ಲೀಟರು ನೀರು ಬೇಕೆಂದು ಲೆಕ್ಕ ಹೇಳುತ್ತಾರೆ. ಅದರ ಭಾರ ನಾಲ್ಕು ಕಿಲೊ. ಅದನ್ನು ಬೆನ್ನ ಮೇಲೆ ಹೊತ್ತುಕೊಂಡೇ ಹೊರಡಬೇಕು. ಮಳೆಯಾದ ಮೇಲೆ ಬಂಡೆಯ ಗುಳಿಗಳಲ್ಲಿ ನೀರು ನಿಲ್ಲುವುದುಂಟು, ಕಂದರದ ತಳದಲ್ಲಿ ಅಲ್ಲಲ್ಲಿ ಒಸರುವುದುಂಟು. ಆದರೆ ಅವನ್ನು ನಂಬಿ ಹೊರಡುವಂತಿಲ್ಲ. ಒಣಹವೆಯ ಗುಣವೊಂದನ್ನು ಕರಾವಳಿಯವರೂ ಮಲೆನಾಡಿನವರೂ ಊಹಿಸುವುದು ಕಷ್ಟ. ಮಂಗಳೂರಿನ ಸೆಕೆಯಲ್ಲಿ ನಡೆದರೆ ಅಂಗಿ ತೊಯ್ದು ಮೈಗಂಟಿಕೊಂಡು, ಬೆವರು ಹರಿಯಿತೆಂದು ನಮಗೆ ತಾನಾಗಿ ತಿಳಿಯುತ್ತದೆ. ಇಲ್ಲಿ ಬೆವರು ಚರ್ಮದ ಮೇಲೆ ಬಂದೊಡನೆ ಆರಿಹೋಗುತ್ತದೆ. ಮೈ ಒಣಗಿಯೇ ಇರುತ್ತದೆ, ಟೊಪ್ಪಿಗೆಯ ಅಂಚಿನಲ್ಲಿ ಉಪ್ಪಿನ ಬಿಳಿಯ ಗೆರೆ ಮಾತ್ರ ಕಾಣುತ್ತದೆ. ಬಿಸಿಲಿನಲ್ಲಿ ಹತ್ತುವವನ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ನೀರು ಹೋಗಿಬಿಡಬಹುದು. ಹೋಗುತ್ತಿದೆಯೆಂಬ ಅರಿವು ಅವನಿಗಾಗದು. ನೀರಿನೊಡನೆ ಉಪ್ಪೂ ಹೋಗುವುದರಿಂದ ಬರಿಯ ನೀರನ್ನೇ ಕುಡಿಯುತ್ತಿದ್ದರೂ ಅಪಾಯ ತಪ್ಪಿದ್ದಲ್ಲ. ಉಪ್ಪಿನ ತಿಂಡಿಯೂ ಜೊತೆಗೆ ಬೇಕು.

ಎರಡನೆಯದು ಶ್ರಮದ ಕ್ರಮ. ಬೆಟ್ಟವನ್ನೇರುವವನು ಮೊದಲು ಹತ್ತುತ್ತಾನೆ, ದಣಿದ ಮೇಲೆ ಇಳಿಯುತ್ತಾನೆ. ಹತ್ತಲಾರೆನೆಂದು ನಡುವೆ ಅನ್ನಿಸಿದರೆ ತಿರುಗಿಬಿಡಬಹುದು. ದಾರಿ ತಾನಾಗಿ ಕೆಳಕ್ಕೆ ಒಯ್ಯುತ್ತದೆ. ಕಂದರದಲ್ಲಿ ಈ ಕ್ರಮ ತಲೆಕೆಳಗು. ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ, ಚೀಲದಲ್ಲಿ ನೀರು ತುಂಬಿರುವಾಗ ಇಳಿಯುವುದು. ಬಿಸಿಲು ನೆತ್ತಿಗೇರಿ, ಕಾಲು ಸೋತು, ನೀರು ತಳ ಕಂಡಾಗ ಹತ್ತುವುದು. ಸಾಲದುದಕ್ಕೆ ಕಂದರದ ತಳವು ಮೇಲಣ ನೆಲಕ್ಕಿಂತ ಹೆಚ್ಚು ಕಾಯುತ್ತದೆ. ಕಾದ ಗೋಡೆಗಳು ಎರಡು ಕಡೆಯಿಂದಲೂ ಝಳವನ್ನು ಹೊರಗೆಡಹುತ್ತವೆ.

ಕಳೆದ ಅಕ್ಟೋಬರಿನಲ್ಲಿ ನನ್ನ ಅಕ್ಕನ ಮಗನೊಡನೆ ಈ ಸುತ್ತನ್ನು ನಡೆಯುವ ಅವಕಾಶ ನನಗೆ ದೊರೆಯಿತು. ಅವನು ಸಾಲ್ಟ್ ಲೇಕ್ ನಗರದಲ್ಲಿ ಓದುತ್ತಿರುವ ಇಪ್ಪತ್ತೈದರ ತರುಣ. ಈ ಸೀಮೆಯ ಹಾದಿಗಳನ್ನು ಬಲ್ಲವನು. ಸುತ್ತನ್ನು ಎಡದಿಂದಲೂ ಬಲದಿಂದಲೂ ನಡೆಯಬಹುದು. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಹೋದರೆ ಮಧ್ಯಾಹ್ನದ ಮೇಲೆ ನೆರಳು ಹೆಚ್ಚು ದೊರೆಯುತ್ತದೆಂಬುದು ನಡೆದವರ ಅನುಭವ. ಹಾಗೆ ಹೋದರೆ ಡೋಮ್ ಸದಾ ನಮ್ಮ ಬಲಗೈಯ ಕಡೆಗಿರುತ್ತದೆ. ನೆರಳನ್ನು ನೋಡಿ ಮಾಡಿದ ಆಯ್ಕೆ ನಮ್ಮ ಶಾಸ್ತ್ರಕ್ಕೂ ಸರಿಹೊಂದಿತು!

ಹೊರಟ ಮೇಲೆ ಸ್ವಲ್ಪ ದೂರ ನಸುಬಿಳುಪಿನ ನುಣ್ಣನೆಯ ಬಂಡೆಯ ಮೇಲೂ ಕುಳ್ಳ ಮರಗಳ ನಡುವೆಯೂ ದಾರಿ ಸುಖವಾಗಿ ಸಾಗುತ್ತದೆ. ಜುನಿಪರ್ ಮತ್ತು ಪಿನ್ಯನ್ ಪೈನ್ ಎಂಬವು ಆ ಮರಗಳು. ದಾರಿಯ ಪಕ್ಕದ ಮಣ್ಣಿನ ಮೇಲೆ ಸುಟ್ಟ ರೊಟ್ಟಿಯ ಮೈಯಂತೆ ಕಪ್ಪಗೆ, ಉಬ್ಬುಬ್ಬಾಗಿ ಒಂದು ಹೊಪ್ಪಳೆಯಿದೆ. ಅದು ಮಣ್ಣಲ್ಲ, ಜೀವ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೂ ಕಲ್ಲುಹೂವೂ ಹಾವಸೆಯೂ ಸೇರಿ ಮರಳಿನ ಕಣಗಳನ್ನು ಹೆಣೆದು ಹಿಡಿದಿರುವ ಹೊದಿಕೆ. ಗಾಳಿ ಮರಳನ್ನು ಹೊತ್ತೊಯ್ಯದಂತೆ ಕಾಯುವುದೂ ಬಿದ್ದ ಹನಿಯನ್ನು ಹೀರಿಡುವುದೂ ಅದೇ. ಒಂದು ಹೆಜ್ಜೆ ಅದರ ಮೇಲೆ ಬಿದ್ದರೆ ಮತ್ತೆ ಕೂಡಿಕೊಳ್ಳಲು ಅನೇಕ ವರ್ಷಗಳು ಬೇಕು. ಆದುದರಿಂದ ಇಲ್ಲಿ ನಡೆಯುವವನು ಬಂಡೆಯ ಮೇಲೆ ಅಥವಾ ಒಣಹಳ್ಳದ ಮರಳಿನಲ್ಲಿ ಮಾತ್ರ ಕಾಲಿಡಬೇಕು. ಯಾರೂ ಇಲ್ಲದ ಬಯಲಿನಲ್ಲಿ ಕಾಲಿಡಲು ಇಷ್ಟು ನಿಯಮವೆ ಎಂದು ಮೊದಲು ಅನ್ನಿಸಿದರೂ ಸ್ವಲ್ಪ ಹೊತ್ತಿನಲ್ಲಿ ಅದು ಅಭ್ಯಾಸವಾಗುತ್ತದೆ.

ಆಮೇಲೆ ನೆಲ ಒಮ್ಮೆಲೆ ಮುಗಿಯುತ್ತದೆ. ಕೆಂಪು ಗೋಡೆಯೊಂದು ಬಿರಿದ ಕಡೆ ದಾರಿಯು ಹಾವಿನಂತೆ ಹೊರಳಿ ಹೊರಳಿ ತಳಕ್ಕೆ ಇಳಿಯುತ್ತದೆ. ಅಂಚಿನಲ್ಲಿ ನನ್ನ ಸೋದರಳಿಯನು ಚೀಲವನ್ನು ಕೆಳಗಿಟ್ಟು, ಇಬ್ಬರ ನೀರನ್ನೂ ಎತ್ತಿ ನೋಡಿ, “ಇಲ್ಲೇ ನಿಂತು ಯೋಚನೆ ಮಾಡಿ, ಮಾವ. ಮಂಡಿ ನೋವು, ತಲೆಸುತ್ತು ಏನಾದರೂ ಇದ್ದರೆ ಈಗಲೇ ಹೇಳಿಬಿಡಿ. ಇಳಿದ ಮೇಲೆ ಎತ್ತ ಹೋದರೂ ಹತ್ತುವುದೇ” ಎಂದನು. ಈ ಹಾದಿಯ ವಿಚಾರವಾಗಿ ನಾನು ಕೇಳಿದ ಮಾತುಗಳಲ್ಲಿ ಅದಕ್ಕಿಂತ ಸಾರವತ್ತಾದುದು ಇಲ್ಲ. ಅರ್ಧ ಸುತ್ತಿದವನಿಗೆ ಮುಂದೆ ಹೋಗುವುದೂ ಹಿಂದೆ ಹೋಗುವುದೂ ಒಂದೇ ದೂರ. ಹಿಂದಿನದು ಕಂಡ ಕಷ್ಟ, ಮುಂದಿನದು ಕಾಣದ ಕಷ್ಟ. ಮನುಷ್ಯನು ಕಂಡ ಕಷ್ಟಕ್ಕೆ ಅಂಜಿ ಕಾಣದ ಕಷ್ಟವನ್ನು ಹಗುರವೆಂದೆಣಿಸುವುದು ಹೆಚ್ಚು. ಹಿಂದಿರುಗುವ ನಿರ್ಧಾರಕ್ಕೆ ಬೆಲೆಯಿರುವುದು ಇಳಿಯುವ ಮೊದಲು, ಅಂಚಿನ ಮೇಲೆ.

ಇಳಿಯುತ್ತ ಹೋದಂತೆ ಕಲ್ಲಿನ ಪುಟಗಳು ಹಿಂದುಮುಂದಾಗಿ ತೆರೆಯುತ್ತವೆ. ಮೇಲೆ ಬಿಳುಪಾದ ನವಾಹೊ ಮರಳುಗಲ್ಲು. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾದ ಕಯೆಂಟ ಪದರ. ಅದರ ಕೆಳಗೆ ಕಡಿದು ನಿಲ್ಲಿಸಿದಂತಿರುವ ಕೆಂಪು ವಿಂಗೇಟ್ ಮರಳುಗಲ್ಲಿನ ಗೋಡೆ. ತಳದಲ್ಲಿ ಮೆದುವಾದ ಚಿನ್ಲಿ. ವಿಂಗೇಟ್ ಕಲ್ಲು ಸುಮಾರು 20 ಕೋಟಿ ವರ್ಷಗಳ ಹಿಂದಣ ಮರಳ ದಿಬ್ಬಗಳು ಗಟ್ಟಿಯಾದುದು. ನವಾಹೊ ಕಲ್ಲು ಅದಕ್ಕಿಂತ ಈಚಿನ, ಅದಕ್ಕಿಂತ ವಿಸ್ತಾರವಾದ ಇನ್ನೊಂದು ಮರುಭೂಮಿಯ ಮರಳು. ಗಾಳಿ ತೂರಿ ಸುರಿದ ಓರೆಗೆರೆಗಳು ಬಂಡೆಯ ಮೈಯಲ್ಲಿ ಈಗಲೂ ಹಾಗೆಯೇ ಇವೆ. ಇವೆರಡರ ನಡುವಣ ಕಯೆಂಟ ಮಾತ್ರ ಹೊಳೆಗಳು ತಂದು ಹಾಕಿದ ಮೆಕ್ಕಲು. ಎರಡು ಮರುಭೂಮಿಗಳ ನಡುವೆ ಒಮ್ಮೆ ಇಲ್ಲಿ ನದಿಗಳು ಹರಿದಿದ್ದುವು ಎಂಬುದು, ಮೂರನೆಯ ಮರುಭೂಮಿಯಲ್ಲಿ ನೀರಿನ ಚೀಲ ಹೊತ್ತು ಇಳಿಯುವವನಿಗೆ ಯೋಚಿಸಲು ಒಳ್ಳೆಯ ವಿಷಯ.

ತಳದಲ್ಲಿ ಒಣಹಳ್ಳ ಸಿಕ್ಕುತ್ತದೆ. ಅಲ್ಲಿಂದ ಬಲಕ್ಕೆ ಕವಲೊಡೆದ ದಾರಿಯೊಂದು ಒಂದೂವರೆ ಮೈಲಿ ಒಳಹೊಕ್ಕು ಡೋಮಿನ ನಡುವಣ ಬಾನಿಯನ್ನು ಮುಟ್ಟುತ್ತದೆ. ಹಿಂದಿನ ದಿನ ಮೇಲಣ ಅಂಚಿನಿಂದ ಆ ಬಾನಿಯೊಳಗೆ ಇಣುಕಿ ನೋಡಿದ್ದೆವು. ಸುತ್ತ ಕೆಂಪು ಗೋಡೆ, ನಡುವೆ ಬೂದುಹಸುರು, ಬಿಳಿ, ನಸುಗೆಂಪು ಬಣ್ಣದ ಚೂಪು ಶಿಖರಗಳು ಒಂದನ್ನೊಂದು ತಳ್ಳಿಕೊಂಡು ಎದ್ದಂತೆ ನಿಂತಿದ್ದುವು. ಇದು ಹೇಗಾಯಿತು? ಈ ಪ್ರಶ್ನೆಯ ಇತಿಹಾಸವು ಹಾದಿಯಷ್ಟೇ ಸ್ವಾರಸ್ಯವಾಗಿದೆ.

ಈ ಸೀಮೆಯ ನೆಲದಡಿಯಲ್ಲಿ ಸುಮಾರು 30 ಕೋಟಿ ವರ್ಷಗಳ ಹಿಂದೆ ಬತ್ತಿದ ಕಡಲು ಬಿಟ್ಟುಹೋದ ಉಪ್ಪಿನ ದಪ್ಪ ಪದರವಿದೆ. ಉಪ್ಪು ಕಲ್ಲಿಗಿಂತ ಹಗುರ. ಭಾರ ಬಿದ್ದರೆ ನಾದಿದ ಹಿಟ್ಟಿನಂತೆ ಹರಿಯುತ್ತದೆ, ಎಡೆ ಸಿಕ್ಕಿದಲ್ಲಿ ಮೇಲಕ್ಕೆ ಉಬ್ಬುತ್ತದೆ. ಮೋಆಬ್ ಪಟ್ಟಣವಿರುವ ಕಣಿವೆಯೇ ಇಂಥ ಉಪ್ಪಿನ ಚಲನೆಯಿಂದ ಆದುದು. ಆದ್ದರಿಂದ ಅಪ್‌ಹೀವಲ್ ಡೋಮನ್ನೂ ಉಪ್ಪಿನ ಗುಳ್ಳೆಯೇ ಎಬ್ಬಿಸಿರಬೇಕೆಂದು ಬಹುಕಾಲ ವಿದ್ವಾಂಸರಲ್ಲಿ ಹೆಚ್ಚಿನವರು ನಂಬಿದ್ದುದು ಅಸಂಗತವಾಗಿರಲಿಲ್ಲ. 1984ರಲ್ಲಿ ಯೂಜೀನ್ ಶೂಮೇಕರ್ ಮತ್ತು ಹರ್ಕನ್‌ಹಾಫ್ ಎಂಬವರು ಬೇರೊಂದು ಮಾತನ್ನು ಮುಂದಿಟ್ಟರು: ಇದು ಕೆಳಗಿನಿಂದ ಎದ್ದುದಲ್ಲ, ಮೇಲಿನಿಂದ ಬಿದ್ದ ಉಲ್ಕೆಯ ಏಟು ಎಂದು. ತುಂಬಿದ ಬಾನಿಗೆ ಹನಿಯೊಂದು ಬಿದ್ದಾಗ ನೀರು ಮೊದಲು ತಗ್ಗಿ, ಮರುಗಳಿಗೆಯಲ್ಲಿ ನಡುವೆ ಮೇಲಕ್ಕೆ ಚಿಮ್ಮುವುದನ್ನು ಎಲ್ಲರೂ ಕಂಡಿದ್ದಾರೆ. ದೊಡ್ಡ ಉಲ್ಕೆ ಬಡಿದಾಗ ಕಲ್ಲೂ ಹಾಗೆಯೇ ಚಿಮ್ಮಿ, ನಡುವೆ ದಿಬ್ಬವಾಗಿ, ಸುತ್ತ ಕುಸಿದು ಅದೇ ಸ್ಥಿತಿಯಲ್ಲಿ ನಿಂತುಬಿಡುತ್ತದೆ. ಬಿದ್ದ ಕಾಲದ ಮೇಲ್ಮೈಯೆಲ್ಲ ಸವೆದುಹೋಗಿ ಇಂದು ನಮಗೆ ಕಾಣುತ್ತಿರುವುದು ಆ ಗಾಯದ ಬೇರು ಮಾತ್ರ. ಮಹಾರಾಷ್ಟ್ರದ ಲೋನಾರಿನಲ್ಲಿ 1.8 ಕಿಲೊಮೀಟರು ಅಗಲದ ಬಟ್ಟಲಾಕಾರದ ಸರೋವರವನ್ನು ಕಂಡವರಿಗೆ ಉಲ್ಕೆಯ ಕುಳಿ ಹೇಗಿರುತ್ತದೆಂಬುದು ಗೊತ್ತು. ಸುಮಾರು 5 ಕಿಲೊಮೀಟರು ಅಗಲದ ಈ ರಚನೆಯಲ್ಲಿ ಅಂಥ ಬಟ್ಟಲೇ ಉಳಿದಿಲ್ಲ. ಅದಕ್ಕಾಗಿಯೇ ವಾದವು ಬೇಗ ಮುಗಿಯಲಿಲ್ಲ.

ಮುಗಿದದ್ದು ಒಂದು ಮರಳಿನ ಕಣದಿಂದ. 2008ರಲ್ಲಿ ಬುಖ್ನರ್ ಮತ್ತು ಕೆಂಕ್‌ಮನ್ ಎಂಬ ಜರ್ಮನ್ ವಿಜ್ಞಾನಿಗಳು ಇಲ್ಲಿಯ ಕಯೆಂಟ ಪದರದ ಕಲ್ಲಿನಲ್ಲಿ ವಿಲಕ್ಷಣವಾದ ಬೆಣಚುಕಣಗಳನ್ನು ಸೂಕ್ಷ್ಮದರ್ಶಕದಿಂದ ಕಂಡುಹಿಡಿದರು. ಆ ಕಣಗಳೊಳಗೆ ಒತ್ತೊತ್ತಾಗಿ ಸಮಾಂತರವಾದ ಗೆರೆಗಳಿದ್ದುವು. ಅಂಥ ಗೆರೆ ಬೀಳಬೇಕಾದರೆ ಕ್ಷಣಮಾತ್ರದ ಭಯಂಕರ ಒತ್ತಡ ಬೇಕು. ಲಕ್ಷಾಂತರ ವರ್ಷ ನಿಧಾನವಾಗಿ ಉಬ್ಬುವ ಉಪ್ಪಿಗೆ ಅದು ಸಾಧ್ಯವಿಲ್ಲ. ಆ ಫಲಿತಾಂಶವನ್ನು ನೋಡಲು ಶೂಮೇಕರರು ಇರಲಿಲ್ಲ. 1997ರಲ್ಲಿ ಆಸ್ಟ್ರೇಲಿಯದಲ್ಲಿ ಕುಳಿಗಳ ಶೋಧಕ್ಕೆಂದು ಸುತ್ತುತ್ತಿದ್ದಾಗ ಮೋಟಾರು ಅಪಘಾತದಲ್ಲಿ ಅವರು ತೀರಿಕೊಂಡರು. ಅವರ ಚಿತಾಭಸ್ಮದ ಒಂದಂಶವನ್ನು ಹೊತ್ತ ‘ಲೂನಾರ್ ಪ್ರಾಸ್ಪೆಕ್ಟರ್’ ನೌಕೆಯು 1999ರಲ್ಲಿ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಉಲ್ಕೆಯ ಏಟುಗಳನ್ನು ಓದುವುದರಲ್ಲಿ ಆಯುಷ್ಯ ಕಳೆದವನಿಗೆ ಇದಕ್ಕಿಂತ ತಕ್ಕ ಅಂತ್ಯಸಂಸ್ಕಾರವುಂಟೆ?

ಒಳಗಿನ ಬಾನಿಗೆ ನಾವು ಹೋಗಲಿಲ್ಲ. ಹೋಗಿಬರಲು ಮೂರು ಮೈಲಿ. ನೀರಿನ ಲೆಕ್ಕ ಅದಕ್ಕೆ ಒಪ್ಪಲಿಲ್ಲ. ಪ್ರದಕ್ಷಿಣೆ ಬಂದವರಿಗೆಲ್ಲ ಗರ್ಭಗೃಹ ಪ್ರವೇಶವಾಗಲೇಬೇಕೆಂಬ ನಿಯಮವಿಲ್ಲವಷ್ಟೆ.

ಅಲ್ಲಿಂದ ಮುಂದೆ ಈ ಹಾದಿಯ ನಿಜವಾದ ಪರೀಕ್ಷೆ. ಕಣಿವೆ ಇಕ್ಕಟ್ಟಾಗುತ್ತದೆ, ದಾರಿಯೆಂಬುದು ಮಾಯವಾಗಿ ಎದುರಿಗೆ ಬಂಡೆಗಳು ಮಾತ್ರ ಉಳಿಯುತ್ತವೆ. ಗಡಿಗೆಯಷ್ಟು, ಎತ್ತಿನಷ್ಟು, ಮನೆಯಷ್ಟು ದೊಡ್ಡವು, ಒಂದರ ಮೇಲೊಂದು ಒರಗಿ, ನಡುವೆ ಕತ್ತಲೆಯ ಸಂದುಗಳನ್ನು ಬಿಟ್ಟುಕೊಂಡು ಕಣಿವೆಯನ್ನು ತುಂಬಿವೆ. ಹಂಪೆಯನ್ನು ಬಲ್ಲ ಕನ್ನಡಿಗನಿಗೆ ಬಂಡೆಗಳು ಹೊಸವಲ್ಲ. ಆದರೆ ಹಂಪೆಯ ಗುಂಡುಗಳು ಬಹುಮಟ್ಟಿಗೆ ಇದ್ದಲ್ಲಿಯೇ ಸವೆದು ದುಂಡಾದವು. ಸುಮಾರು 250 ಕೋಟಿ ವರ್ಷ ವಯಸ್ಸಿನ ಆ ಕಣಶಿಲೆ ತನ್ನ ಬಿರುಕುಗಳ ಗುಂಟ ಸಡಿಲಗೊಂಡು, ಮೂಲೆಗಳನ್ನು ಕಳೆದುಕೊಂಡು ನಿಂತಿದೆ. ಇಲ್ಲಿಯವು ಬಿದ್ದ ಬಂಡೆಗಳು. ವಿಂಗೇಟ್ ಗೋಡೆಯ ಕಾಲಬುಡದ ಚಿನ್ಲಿ ಮೆದುವಾದುದರಿಂದ ಬೇಗ ಸವೆದು ಒಳಕ್ಕೆ ಸರಿಯುತ್ತದೆ. ಆಸರೆ ತಪ್ಪಿದ ಗೋಡೆ ತನ್ನ ನೆಟ್ಟಗಿನ ಸೀಳುಗಳಲ್ಲಿ ಬಿರಿದು ಹಾಳೆ ಹಾಳೆಯಾಗಿ ಉರುಳುತ್ತದೆ. ಮೂಲೆಗಳು ಇನ್ನೂ ಹರಿತ. ಗೋಡೆಯ ಮೇಲೆ ಕಪ್ಪು ಮೆರುಗಿನ ನಡುವೆ ಹಸಿಗೆಂಪಾಗಿ ಕಾಣುವ ತೇಪೆಗಳು ಈಚೆಗೆ ಕಳಚಿಕೊಂಡುದರ ಗುರುತು.

ಇಲ್ಲಿ ನಡಿಗೆ ಮುಗಿದು ಬೇರೊಂದು ಚಲನೆ ಮೊದಲಾಗುತ್ತದೆ. ಕನ್ನಡದಲ್ಲಿ ಅದಕ್ಕೆ ಒಂದೇ ಮಾತಿಲ್ಲ. ಹತ್ತು, ತೆವಳು, ಜಾರು, ದಾಟು, ನುಸುಳು ಎಂಬ ಎಲ್ಲವನ್ನೂ ಸೇರಿಸಬೇಕು. ಎರಡು ಕೈ, ಎರಡು ಕಾಲು ಎಂಬ ನಾಲ್ಕರಲ್ಲಿ ಮೂರು ಸದಾ ಕಲ್ಲನ್ನು ಹಿಡಿದಿರಬೇಕು, ಒಂದು ಮಾತ್ರ ಚಲಿಸಬೇಕು. ಭಾರ ಬಿಡುವ ಮೊದಲು ಕಲ್ಲು ಅಲುಗುತ್ತದೆಯೆ ಎಂದು ಒತ್ತಿ ನೋಡಬೇಕು. ಕಣ್ಣಿಗೆ ಕಾಣದ ಸಂದಿಗೆ ಕೈ ಹಾಕಬಾರದು. ಬಾಲದಲ್ಲಿ ಗಿಲಕಿಯುಳ್ಳ ವಿಷದ ಹಾವಿನ ಒಂದು ಸಣ್ಣ ಜಾತಿ ಈ ಸೀಮೆಯಲ್ಲಿದೆ. ಒಣಗಿದ ಮರಳುಗಲ್ಲು ಪಾದರಕ್ಷೆಯನ್ನು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಆದರೆ ಅದರ ಮೇಲೆ ಉದುರಿದ ಹಿಡಿ ಮರಳು ಸಾಕು, ಕಾಲು ಜಾರಲು. ಮಳೆಯಲ್ಲಿ ನೆನೆದರಂತೂ ಈ ಕಲ್ಲು ಒಳಗಿನ ಅಂಟನ್ನೇ ಸಡಿಲಿಸಿ ದುರ್ಬಲವಾಗುತ್ತದೆ. ಹಿಡಿದ ಮೂಲೆಯೇ ಕೈಗೆ ಬರಬಹುದು. ಒಂದು ಮೈಲಿ ಹೋಗಲು ಎಷ್ಟು ಹೊತ್ತು ಬೇಕೆಂಬ ಪ್ರಶ್ನೆಗೆ ಇಲ್ಲಿ ಅರ್ಥವಿಲ್ಲ. ಒಂದು ಬಂಡೆಯನ್ನು ದಾಟಲು ಕೆಲವೊಮ್ಮೆ ಒಂದು ನಿಮಿಷ, ಕೆಲವೊಮ್ಮೆ ಕಾಲು ಗಂಟೆ. ಸುತ್ತನ್ನು ಮುಗಿಸಲು ಐದರಿಂದ ಏಳು ಗಂಟೆ ಬೇಕೆಂದು ಹೇಳುವುದು ಇದನ್ನು ಲೆಕ್ಕಹಿಡಿದು.

ದಾರಿ ತಪ್ಪುವುದೂ ಇಲ್ಲಿಯೇ ಹೆಚ್ಚು. ಬಂಡೆಯ ಮೇಲೆ ಹೆಜ್ಜೆಯ ಗುರುತು ಉಳಿಯುವುದಿಲ್ಲ. ನಾಲ್ಕಾರು ಕಲ್ಲುಗಳನ್ನು ಒಂದರ ಮೇಲೊಂದಿಟ್ಟ ಸಣ್ಣ ಗುಪ್ಪೆಗಳೇ ದಾರಿತೋರುಕಗಳು. ಕಲ್ಲಿನ ಸಮುದ್ರದಲ್ಲಿ ಕಲ್ಲಿನ ಗುಪ್ಪೆಯನ್ನು ಹುಡುಕುವುದು ಸುಲಭವಲ್ಲ. ಹಳ್ಳಕ್ಕೆ ನೆರೆ ಬಂದರೆ ಗುಪ್ಪೆಗಳೇ ಕೊಚ್ಚಿಹೋಗುತ್ತವೆ. ಎತ್ತರದ ಗೋಡೆಗಳ ನಡುವೆ ಉಪಗ್ರಹದ ಸಂಕೇತವನ್ನು ನಂಬುವ ದಿಕ್ಸೂಚಿಗಳೂ ತಪ್ಪು ಹೇಳುವುದುಂಟು, ದೂರವಾಣಿಯನ್ನು ನೆಚ್ಚುವಂತಿಲ್ಲ. ಆದ್ದರಿಂದ ಬಲ್ಲವರ ನಿಯಮ ಒಂದೇ: ಮುಂದಣ ಗುಪ್ಪೆ ಕಣ್ಣಿಗೆ ಬೀಳುವವರೆಗೆ ಹಿಂದಣ ಗುಪ್ಪೆಯನ್ನು ಬಿಟ್ಟು ಕದಲಬಾರದು. ನನ್ನ ಸೋದರಳಿಯನು ಮುಂದೆ ಹೋಗಿ ಹುಡುಕುತ್ತಿದ್ದಾಗ ನಾನು ಹಿಂದಣ ಗುಪ್ಪೆಯ ಬಳಿ ನಿಲ್ಲುತ್ತಿದ್ದೆನು. “ಕಾಣಿಸಿತು ಮಾವ, ಬನ್ನಿ” ಎಂಬ ಕೂಗು ಬಂದ ಮೇಲೆ ಮಾತ್ರ ಹೆಜ್ಜೆ. ಹಾಗೆ ನಿಂತ ಒಂದು ಹೊತ್ತಿನಲ್ಲಿ ಎದುರು ಗೋಡೆಯ ಎಳೆಯಷ್ಟು ಅಂಚಿನ ಮೇಲೆ ಸುರುಳಿಗೊಂಬಿನ ಕಾಡುಕುರಿಯೊಂದು ನಿರಾಯಾಸವಾಗಿ ದಾಟಿಹೋಯಿತು. ನಮ್ಮಿಬ್ಬರ ಅರ್ಧ ಗಂಟೆಯ ಶ್ರಮದಷ್ಟು ದೂರವನ್ನು ಅದು ಕ್ಷಣದಲ್ಲಿ ಮುಗಿಸಿತು.

ಇದೆಲ್ಲ ಅಕ್ಟೋಬರಿನ ಹದವಾದ ಬಿಸಿಲಿನ ಮಾತು. ಬೇಸಗೆಯಲ್ಲಿ ಇಲ್ಲಿಯ ಉಷ್ಣತೆ ನೂರು ಡಿಗ್ರಿ ಫ್ಯಾರನ್‌ಹೀಟ್, ಎಂದರೆ 38 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. 2024ರ ಜುಲೈ 12ರಂದು ದೂರದ ವಿಸ್ಕಾನ್ಸಿನ್ ಸಂಸ್ಥಾನದಿಂದ ಬಂದಿದ್ದ ತಂದೆ ಮಗಳಿಬ್ಬರು ಇದೇ ಹಾದಿಯಲ್ಲಿ ದಾರಿ ತಪ್ಪಿದರು. ಅವರ ನೀರು ಮುಗಿಯಿತು. ತುರ್ತುಸಂದೇಶ ತಲಪಿ ರಕ್ಷಕರು ಹುಡುಕಿ ಹೋಗುವ ವೇಳೆಗೆ ಇಬ್ಬರೂ ಮೃತರಾಗಿದ್ದರು. ತಂದೆಗೆ 52, ಮಗಳಿಗೆ 23 ವರ್ಷ. ಆ ದಿನ ಅವರ ಮನಸ್ಸಿನಲ್ಲಿ ಏನು ನಡೆಯಿತೆಂದು ಊಹಿಸುವ ಹಕ್ಕು ನಮಗಿಲ್ಲ. ರಜೆಯ ದಿನ ಮಗಳೊಡನೆ ಒಂದು ಸುಂದರವಾದ ಸ್ಥಳವನ್ನು ನೋಡಹೊರಡುವುದು ಯಾವ ತಂದೆಯಾದರೂ ಮಾಡಬಹುದಾದ ಕೆಲಸ. ಅದರಲ್ಲಿ ಹುಂಬತನವನ್ನು ಹುಡುಕುವುದು ನ್ಯಾಯವಲ್ಲ. ಸುತ್ತುಹಾದಿಯ ಸ್ವಭಾವವನ್ನು ಮಾತ್ರ ನಾವು ನೆನೆಯಬೇಕು. ಅದು ಯಾರನ್ನೂ ಎಲ್ಲಿಯೂ ತಡೆಯುವುದಿಲ್ಲ. ಮುಂದೆ ಹೋದರೆ ಹೊರಟಲ್ಲಿಗೆ ಬಂದೇ ಬರುತ್ತೀಯೆ ಎಂದು ಹೇಳುತ್ತಲೇ ಇರುತ್ತದೆ.

ಈ ನಾಡು ಇಂಥ ಸಾವುಗಳನ್ನು ಮೊದಲೇ ಕಂಡಿದೆ, ಅವುಗಳ ವಿಷಯವಾಗಿ ಬರೆಸಿಯೂ ಇದೆ. ಎಡ್ವರ್ಡ್ ಅಬ್ಬಿ ಎಂಬ ಲೇಖಕನು 1956-57ರಲ್ಲಿ ಮೋಆಬಿನ ಹತ್ತಿರದ ಆರ್ಚಸ್ ಎಂಬಲ್ಲಿ ಕಾವಲುಗಾರನಾಗಿ ದುಡಿದು, ಆ ಅನುಭವವನ್ನು 1968ರಲ್ಲಿ ‘ಡೆಸರ್ಟ್ ಸಾಲಿಟೇರ್’ ಎಂಬ ಪುಸ್ತಕವಾಗಿ ಪ್ರಕಟಿಸಿದನು. ಅದರ ಒಂದು ಅಧ್ಯಾಯ ಈ ಆಕಾಶದ್ವೀಪದ ದಕ್ಷಿಣ ತುದಿಯಾದ ಗ್ರ್ಯಾಂಡ್‌ವ್ಯೂ ಪಾಯಿಂಟಿನಲ್ಲಿ ಕಾಣೆಯಾದ ಪ್ರವಾಸಿಯೊಬ್ಬನನ್ನು ಹುಡುಕಿದ ಕಥೆ. ಅವನು ಸಿಕ್ಕಿದುದು ಜುನಿಪರ್ ಮರದಡಿಯಲ್ಲಿ, ಹೆಣವಾಗಿ. ಮರುಭೂಮಿಯ ಸೊಬಗನ್ನು ಹಾಡಿದ ಪುಸ್ತಕದಲ್ಲಿಯೇ ಈ ಅಧ್ಯಾಯಕ್ಕೆ ಎಡೆಯಿರುವುದು ಯೋಗ್ಯವಾಗಿದೆ. ಸೊಬಗನ್ನು ಮಾತ್ರ ಹೇಳಿ ಕರೆದವನು ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ.

ಹಾಗಾದರೆ ಇಂಥ ಹಾದಿಗಳಿಗೆ ಹೋಗಬಾರದೆ? ಬಾಗಿಲು ಹಾಕಿಬಿಡಬೇಕೆ? ಹಾಗೆ ಹೇಳುವುದು ತಪ್ಪಾದೀತು. ಮೇಲಣ ಅಂಚಿನಿಂದ ಇಣುಕಿ, ಭಾವಚಿತ್ರ ತೆಗೆದುಕೊಂಡು ಹಿಂದಿರುಗುವವನಿಗೆ ಡೋಮ್ ಒಂದು ಬಣ್ಣದ ಬಾನಿ. ಅದನ್ನು ಬಳಸಿಬಂದವನಿಗೆ ಮಾತ್ರ ಸಮತಲವಾದ ಪದರ ಎಲ್ಲಿ ಬಾಗಿತು, ಎಲ್ಲಿ ಕಡಿದು ನಿಂತಿತು, ಗೋಡೆ ಏಕೆ ಬಿತ್ತು, ನೀರು ಎಲ್ಲಿ ಅಡಗಿತು ಎಂಬುದು ಅಂಗಾಲಿಗೂ ಅಂಗೈಗೂ ತಿಳಿದಿರುತ್ತದೆ. ಭೂವಿಜ್ಞಾನಿಗಳು ಕಲಿತುದೂ ಹೀಗೆಯೇ. ಅನೇಕ ದಶಕಗಳ ಕಾಲ ಒಂದೇ ಪ್ರಶ್ನೆಯನ್ನು ಸುತ್ತಿ, ಒಪ್ಪವಾಗಿ ಕಂಡ ಉತ್ತರವನ್ನು ಬಿಟ್ಟುಕೊಡುವ ಧೈರ್ಯವನ್ನು ತೋರಿ, ಕಡೆಗೆ ಒಂದು ಕಣದಲ್ಲಿ ನಿಜವನ್ನು ಕಂಡರು. ನಡೆಯುವವನಿಗೂ ಬೇಕಾದುದು ಅಂಥ ಧೈರ್ಯವೇ. ಅಂಚಿನ ಮೇಲೆ ನಿಂತು ಇಂದು ಬೇಡವೆಂದು ಹಿಂದಿರುಗಿದವನು ಸೋತವನಲ್ಲ. ಬಂಡೆಗಳು ಕಾದಿರುತ್ತವೆ, ತಂಪಾದ ಇನ್ನೊಂದು ದಿನ ಬರುತ್ತದೆ.

‘ಬಳಸು’ ಎಂಬ ಮಾತಿನ ಎರಡು ಅರ್ಥಗಳಿಗೆ ಸಂಬಂಧವೇನೆಂಬ ಪ್ರಶ್ನೆಗೆ ಇನ್ನು ಸ್ವಲ್ಪ ಪೂರ್ಣವಾದ ಉತ್ತರವನ್ನು ಕೊಡಬಹುದೆಂದು ತೋರುತ್ತದೆ. ಸುತ್ತಿದ ಮಾತ್ರಕ್ಕೆ ಯಾವುದೂ ಬಳಕೆಯದಾಗುವುದಿಲ್ಲ. ಸುತ್ತಲ್ಪಟ್ಟುದರ ನಿಯಮಕ್ಕೆ ತಲೆಬಾಗಿ, ಹೊತ್ತ ನೀರನ್ನು ಅಳೆದು, ಹಿಂದಣ ಗುರುತನ್ನು ಬಿಡದೆ, ಮುಂದಣ ಗುರುತನ್ನು ಕಂಡು ಇಡುವ ಹೆಜ್ಜೆಗೆ ಮಾತ್ರ ಆ ಫಲ. ಎಂಟು ಮೈಲಿಯೆಂದು ಫಲಕದ ಮೇಲೆ ಬರೆದ ಅಂಕಿ ಸುಳ್ಳಲ್ಲ; ಆದರೆ ಅದನ್ನು ಕಾಗದದಲ್ಲಿ ಓದುವವನಿಗೂ ಕಲ್ಲಿನಲ್ಲಿ ಓದುವವನಿಗೂ ಅರ್ಥ ಬೇರೆ.